ಕೂಲಿಗೆ ದೊರೆಯುವ ಕೀರ್ತಿ

ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರೆಂಬುದು ವಾಚಕರು ಬಲ್ಲ ಸಂಗತಿ. ಇಂದು ಇ-ಪುಸ್ತಕವನ್ನು ತಾನೇ ಪ್ರಕಟಿಸುವ ಲೇಖಕನಿಗೆ ಆ ಹೊರೆಯಿಲ್ಲ; ಫೈವರ್‌ನಂಥ ಅಂತರಜಾಲದ ಪೇಟೆಯಲ್ಲಿ ಹೊರುವವರು ಕೂಲಿಗೆ ದೊರೆಯುತ್ತಾರೆ. ಇವರಿಂದ ಪುಸ್ತಕ ಮಾರಾಟವಾದೀತೆ ಎಂದು ಇಂಗ್ಲಿಷಿನಲ್ಲಿ ಬರೆಯುವ ತರುಣ ಮಿತ್ರರೊಬ್ಬರು ನನ್ನನ್ನು ಕೇಳಿದರು. ಕರಡು ತಿದ್ದುವವನಿಗೂ ಮುಖಚಿತ್ರ ಬರೆಯುವವನಿಗೂ ಧಾರಾಳವಾಗಿ ಕೊಡಿರೆಂದೆ. ಆದರೆ ಲೆಕ್ಕವೂ ಇರಲಿ: ಅಮೆರಿಕದ ಕಿಂಡಲ್ ಅಂಗಡಿಯಲ್ಲಿ 2.99 ಡಾಲರಿನ ಪುಸ್ತಕಕ್ಕೆ, ಶೇಕಡಾ 70ರ ರಾಯಲ್ಟಿಯಲ್ಲಿ, ಕೈಗೆ ಬರುವುದು ಸುಮಾರು 2 ಡಾಲರ್. 300 ಡಾಲರ್ ತೆತ್ತವನು 150 ಪ್ರತಿ ಮಾರಿದ ಮೇಲಷ್ಟೇ ಲಾಭದ ಮಾತು. ಇನ್ನು, ಹೊಗಳಿಕೆಯನ್ನೇ ಕೂಲಿಗೆ ಬರೆದುಕೊಡುವ ಮಹಾಶಯರು! 2015ರಲ್ಲಿ ಫೈವರ್‌ನ ಅಂಥ 1,114 ಮಂದಿಯ ಮೇಲೆ ಅಮೆಜಾನ್ ಸಂಸ್ಥೆಯೇ ದಾವೆ ಹೂಡಿತು. ಓದದವನ ಹೊಗಳಿಕೆಯನ್ನು ನಂಬಿ ಕೊಂಡ ಓದುಗ ಎರಡನೆಯ ಪುಸ್ತಕಕ್ಕೆ ಬಂದಾನೆ? ಮಿತ್ರರು ಸದ್ಯ ಕರಡು ತಿದ್ದುವವರನ್ನು ಹುಡುಕುತ್ತಿದ್ದಾರೆ.