ಕಂಪೆನಿಯ ಹಣ, ಊರಿನ ಹೆಸರು

ಆಟದ ತಂಡವೊಂದು ನಿಜಕ್ಕೂ ಯಾರದು? ಸಂಬಳ ಕೊಡುವ ಕಂಪೆನಿಯದೋ, ಅದರ ಸೋಲುಗೆಲುವುಗಳನ್ನು ತಮ್ಮದೆಂದು ಹಚ್ಚಿಕೊಂಡ ಊರಿನವರದೋ? ಜಪಾನಿನ ವೃತ್ತಿಪರ ಫುಟ್‌ಬಾಲ್ ವ್ಯವಸ್ಥೆಯಾದ ಜೆ ಲೀಗ್‌ನ ಮೂರು ದಶಕಗಳ ಏಳುಬೀಳುಗಳ ಹಿಂದೆ ಇರುವುದು ಇದೊಂದೇ ಪ್ರಶ್ನೆ ಎಂದು ನನಗನ್ನಿಸುತ್ತದೆ.

1965ರಲ್ಲಿ ಆರಂಭವಾದ ಜಪಾನ್ ಸಾಕರ್ ಲೀಗ್ ಹೆಸರಿಗೆ ರಾಷ್ಟ್ರೀಯ ಲೀಗ್. ವಾಸ್ತವದಲ್ಲಿ ಅದು ಕಂಪೆನಿಗಳ ನಡುವಣ ಪಂದ್ಯಾವಳಿ. ಮಿತ್ಸುಬಿಷಿ, ಫುರುಕಾವಾ, ಯಾನ್ಮಾರ್ ಮುಂತಾದ ಸಂಸ್ಥೆಗಳ ನೌಕರರೇ ಅಲ್ಲಿ ಆಟಗಾರರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಪಾನ್ ಕಂಚಿನ ಪದಕ ಗೆದ್ದಿತು. 7 ಗೋಲು ಹೊಡೆದ ಕುನಿಶಿಗೆ ಕಾಮಾಮೊಟೊ ಮನೆಮಾತಾದರು. ಆದರೆ ಆ ಉತ್ಸಾಹ ಬಹುಕಾಲ ಉಳಿಯಲಿಲ್ಲ. ಪರ ಊರಿನ ಕಂಪೆನಿಯೊಂದು ಗೆದ್ದರೆ ಸಾಮಾನ್ಯ ಪ್ರೇಕ್ಷಕನಿಗೆ ಸಂಭ್ರಮಪಡಲು ಕಾರಣವಾದರೂ ಏನಿತ್ತು?

ಈ ಕೊರತೆಯನ್ನು ಸರಿಯಾಗಿ ಗುರುತಿಸಿದವರು ಸ್ವತಃ ಫುರುಕಾವಾ ತಂಡದ ಆಟಗಾರರಾಗಿದ್ದ ಸಬುರೊ ಕಾವಾಬುಚಿ. ಅವರ ಅಧ್ಯಕ್ಷತೆಯಲ್ಲಿ 1993ರ ಮೇ 15ರಂದು ಹತ್ತು ಕ್ಲಬ್‌ಗಳೊಂದಿಗೆ ಜೆ ಲೀಗ್ ಆರಂಭವಾಯಿತು. ಕ್ಲಬ್ಬಿನ ಹೆಸರಿನಲ್ಲಿ ಊರಿರಬೇಕೇ ಹೊರತು ಕಂಪೆನಿಯಲ್ಲ ಎಂಬ ನೀತಿಗೆ ಅವರು ಅಂಟಿಕೊಂಡರು. ಮತ್ಸುಷಿತಾ ತಂಡ ಗಂಬಾ ಒಸಾಕಾ ಆಯಿತು. ಮಜ್ದಾ ತಂಡ ಸ್ಯಾನ್‌ಫ್ರೆಚೆ ಹಿರೊಶಿಮಾ ಆಯಿತು. ಪ್ರಬಲ ಯೊಮಿಯುರಿ ಪತ್ರಿಕಾ ಸಮೂಹದ ಮುಖ್ಯಸ್ಥ ತ್ಸುನೆಯೊ ವತಾನಾಬೆ ಬಹಿರಂಗವಾಗಿಯೇ ವಿರೋಧಿಸಿದರೂ ಕಾವಾಬುಚಿ ಮಣಿಯಲಿಲ್ಲ.

ಈ ನೀತಿಯ ಫಲ ಎದ್ದು ಕಂಡದ್ದು ಉಕ್ಕಿನ ಕಾರ್ಖಾನೆಯ ಪುಟ್ಟ ಪಟ್ಟಣ ಕಾಶಿಮಾದಲ್ಲಿ. ಸುಮಿಟೊಮೊ ಮೆಟಲ್ಸ್ ತಂಡ ಅಲ್ಲಿ ಆ್ಯಂಟ್ಲರ್ಸ್ ಎಂಬ ಹೆಸರು ತಳೆಯಿತು. 1991ರಲ್ಲೇ ಬಂದು ಸೇರಿದ್ದ ಬ್ರೆಜಿಲ್‌ನ ಜೀಕೊ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್ ಬಾರಿಸಿದರು; ಗ್ಯಾರಿ ಲಿನೆಕರ್ ಇದ್ದ ನಾಗೊಯಾ ತಂಡ 5-0ಯಿಂದ ಸೋತಿತು.

ಹೊಸತನದ ಅಮಲು ಬೇಗನೆ ಇಳಿಯಿತು. 1994ರಲ್ಲಿ 19 ಸಾವಿರ ಮೀರಿದ್ದ ಸರಾಸರಿ ಪ್ರೇಕ್ಷಕರ ಸಂಖ್ಯೆ 1997ರ ಹೊತ್ತಿಗೆ 10 ಸಾವಿರದ ಆಸುಪಾಸಿಗೆ ಕುಸಿಯಿತು. ಆರ್ಥಿಕ ಹಿಂಜರಿತದಿಂದ ಪ್ರಾಯೋಜಕರೂ ಕೈ ಹಿಂದೆಗೆದರು. ನಿರ್ಮಾಣ ಸಂಸ್ಥೆಯೊಂದು ಹೊರನಡೆದಾಗ, 1998ರ ಅಕ್ಟೋಬರ್‌ನಲ್ಲಿ ಯೊಕೊಹಾಮಾ ಫ್ಲುಗೆಲ್ಸ್ ತಂಡವನ್ನು ಅದೇ ಊರಿನ ಎದುರಾಳಿ ಮಾರಿನೋಸ್‌ನೊಂದಿಗೆ ವಿಲೀನಗೊಳಿಸುವ ಘೋಷಣೆ ಹೊರಬಿತ್ತು. ತೀರ್ಮಾನ ಕಂಪೆನಿಗಳದು, ಅಭಿಮಾನಿಗಳನ್ನು ಕೇಳಿದವರಿಲ್ಲ. ಸಾವಿನ ದಿನ ಗೊತ್ತಾಗಿದ್ದ ಆ ತಂಡ ಮುಂದಿನ ಪಂದ್ಯಗಳನ್ನು ಒಂದೊಂದಾಗಿ ಗೆದ್ದು, 1999ರ ಜನವರಿ 1ರಂದು ಎಂಪರರ್ಸ್ ಕಪ್ ಎತ್ತಿ ಹಿಡಿದು, ಇಲ್ಲವಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ವಿಲೀನವನ್ನು ಒಪ್ಪದ ಅಭಿಮಾನಿಗಳು ಹಣ ಕೂಡಿಸಿ ಯೊಕೊಹಾಮಾ ಎಫ್‌ಸಿ ಕಟ್ಟಿದರು. 2007ರಲ್ಲಿ ಆ ಕ್ಲಬ್ ಅಗ್ರಶ್ರೇಣಿಯಲ್ಲಿ ಆಡಿತು. ಲೀಗ್ ಕೂಡ ಪಾಠ ಕಲಿಯಿತು. 1999ರಲ್ಲಿ ಎರಡನೆಯ, 2014ರಲ್ಲಿ ಮೂರನೆಯ ಶ್ರೇಣಿ ಬಂದವು. 2013ರ ಋತುವಿನಿಂದ ಕ್ಲಬ್‌ಗಳ ಲೆಕ್ಕಪತ್ರ ಪರಿಶೀಲಿಸಿ ಪರವಾನಗಿ ನೀಡುವ ಪದ್ಧತಿ ಜಾರಿಗೆ ಬಂತು. ಹತ್ತರಿಂದ ಹೊರಟ ಕ್ಲಬ್‌ಗಳ ಸಂಖ್ಯೆ 2024ರಲ್ಲಿ ಅರವತ್ತಕ್ಕೆ ಮುಟ್ಟಿತು. 1998ರವರೆಗೆ ವಿಶ್ವಕಪ್ ಮೆಟ್ಟಿಲನ್ನೇ ಹತ್ತದಿದ್ದ ಜಪಾನ್, 2022ರಲ್ಲಿ ಜರ್ಮನಿ ಹಾಗೂ ಸ್ಪೇನ್ ತಂಡಗಳನ್ನು ಸೋಲಿಸಿತು.

ಹಾಗೆಂದು ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. 2024ರಲ್ಲಿ ರೆಡ್ ಬುಲ್ ಕಂಪೆನಿ ಒಮಿಯಾ ಅರ್ದಿಜಾ ಕ್ಲಬ್ಬನ್ನು ಕೊಂಡಾಗ ಅದರ ಹೆಸರಿಗೆ ‘ಆರ್‌ಬಿ’ ಎಂಬ ಎರಡಕ್ಷರ ಸೇರಿತು. ಹಣ ಹೆಸರನ್ನು ಬೇಡುವುದು ಸಹಜವೇ.

ನಮಗೆ ಇದು ದೂರದ ಸಂಗತಿಯಲ್ಲ. ಎಚ್‌ಎಎಲ್, ಐಟಿಐ ತಂಡಗಳ ಆಟ ಕಂಡ ಬೆಂಗಳೂರಿಗೆ ಕಾರ್ಖಾನೆಯ ಫುಟ್‌ಬಾಲ್ ಗೊತ್ತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಅದೇ ಜೀಕೊ ಗೋವಾ ತಂಡದ ತರಬೇತುದಾರರಾಗಿ ಬಂದರು. ಆದರೆ 2025ರ ಜುಲೈನಲ್ಲಿ, ವಾಣಿಜ್ಯ ಹಕ್ಕಿನ ಒಪ್ಪಂದದ ನವೀಕರಣ ಇತ್ಯರ್ಥವಾಗದೆ, ಆ ಲೀಗಿನ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ತಾರೆಯರನ್ನು ಹಣ ಕೊಟ್ಟು ಕರೆತರಬಹುದು. ಪ್ರಾಯೋಜಕ ಎದ್ದು ಹೋದ ಮೇಲೂ ತಂಡವನ್ನು ಉಳಿಸಿಕೊಳ್ಳಬಲ್ಲ ಊರನ್ನು ಮಾತ್ರ ವರ್ಷಗಟ್ಟಲೆ ಬೆಳೆಸಬೇಕಾಗುತ್ತದೆ. ಜಪಾನಿನಿಂದ ನಾವು ಕಲಿಯಬೇಕಾದದ್ದು ಇದನ್ನೇ ಎಂಬುದು ನನ್ನ ನಂಬಿಕೆ.