ಬಸ್ಸೇರುವ ಸ್ಕೂಟರ್

ಮಡಚುವ ವಿದ್ಯುತ್ ಸ್ಕೂಟರಿನ ರಚನೆ ಸರಳ. ನಿಂತು ಸಾಗಲು ಒಂದು ಹಲಗೆ, ಅದರ ಎರಡು ತುದಿಗೆ ಪುಟ್ಟ ಗಾಲಿಗಳು, ಸೊಂಟದಿಂದ ತುಸು ಮೇಲಕ್ಕೆ ಬರುವ ಒಂದು ಕಂಬ, ಕಂಬದ ತುದಿಗೆ ಹ್ಯಾಂಡಲ್. ಬುಡದ ಚಿಲಕ ಸಡಿಲಿಸಿದರೆ ಕಂಬ ಹಲಗೆಯ ಮೇಲೆ ಮಲಗುತ್ತದೆ, ವಾಹನವಾಗಿದ್ದುದು ಹೊರೆಯಾಗುತ್ತದೆ. ಈ ಕಲ್ಪನೆಗೆ ಶತಮಾನದ ವಯಸ್ಸಾಗಿದೆ. 1915ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಆಟೊಪೆಡ್ ಎಂಬ ಪೆಟ್ರೋಲ್ ಸ್ಕೂಟರಿನ ಕಂಬವೂ ಹೀಗೆಯೇ ಮಡಚಿಕೊಳ್ಳುತ್ತಿತ್ತು. ಆದರೆ ಎಂಜಿನ್ನಿನ ಭಾರ, ಎಣ್ಣೆ ಮತ್ತು ಹೊಗೆ ಅದನ್ನು ಕೈಯಲ್ಲಿ ಒಯ್ಯುವ ವಸ್ತುವಾಗಲು ಬಿಡಲಿಲ್ಲ. ಆ ಕೊರತೆ ನೀಗಿದ್ದು ಲಿಥಿಯಂ ಬ್ಯಾಟರಿಯಿಂದ. 2016ರ ಕೊನೆಗೆ ಶಿಯೋಮಿ ಕಂಪನಿ ಹೊರತಂದ ಎಂ365 ಮಾದರಿಯ ತೂಕ 12.5 ಕಿಲೋಗ್ರಾಂ ಮಾತ್ರ.

ಅದರ ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿ 280 ವ್ಯಾಟ್-ಗಂಟೆ, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸುಮಾರು 30 ಮಿಲಿಲೀಟರ್ ಪೆಟ್ರೋಲಿನಲ್ಲಿ ಇಷ್ಟೇ ಶಕ್ತಿ ಅಡಗಿರುತ್ತದೆ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕು ಅಷ್ಟು ಪೆಟ್ರೋಲಿನಲ್ಲಿ ಒಂದೂವರೆ ಕಿಲೋಮೀಟರ್ ಸಾಗೀತು. ಈ ಸ್ಕೂಟರ್ ಸಮತಟ್ಟಾದ ದಾರಿಯಲ್ಲಿ 20 ಕಿಲೋಮೀಟರ್ ದಾಟುತ್ತದೆ. ಎಂಜಿನ್ ತನಗೆ ದೊರೆತ ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆದುಕೊಂಡರೆ, ಮೋಟಾರು ಬಹುಪಾಲನ್ನು ಚಲನೆಯಾಗಿಸುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 20-25 ಕಿಲೋಮೀಟರಿನ ಸಾವಧಾನದ ಓಟವೂ ಉಳಿತಾಯಕ್ಕೆ ನೆರವಾಗುತ್ತದೆ.

ಮೋಟಾರು ಇರುವುದು ಚಕ್ರದ ಒಳಗೇ. ಅಚ್ಚಿಗೆ ತಾಮ್ರದ ಸುರುಳಿಗಳು ಬಿಗಿದಿರುತ್ತವೆ. ಅವುಗಳ ಸುತ್ತ ತಿರುಗುವ ಬಳೆಯ ಒಳಮೈಗೆ ಶಾಶ್ವತ ಅಯಸ್ಕಾಂತಗಳು ಅಂಟಿರುತ್ತವೆ. ಚಕ್ರ ಎಷ್ಟು ತಿರುಗಿದೆ ಎಂಬುದನ್ನು ಸಂವೇದಕಗಳು ತಿಳಿಸಿದಂತೆಲ್ಲ, ಕಂಟ್ರೋಲರ್ ಎಂಬ ನಿಯಂತ್ರಕ ಸರಿಯಾದ ಸುರುಳಿಗೆ ಸರಿಯಾದ ಕ್ಷಣದಲ್ಲಿ ವಿದ್ಯುತ್ ಹರಿಸುತ್ತದೆ. ಚೈನಿಲ್ಲ, ಗೇರಿಲ್ಲ, ಸವೆಯುವ ಬ್ರಶ್ ಇಲ್ಲ. ವೇಗ ತಗ್ಗಿಸುವಾಗ ಅದೇ ಮೋಟಾರು ಜನರೇಟರಿನಂತೆ ವರ್ತಿಸಿ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ.

ಇಡೀ ಯಂತ್ರದ ಭದ್ರತೆ ನಿಂತಿರುವುದು ಮಡಚುವ ಕೀಲಿನ ಮೇಲೆ. ಬ್ರೇಕ್ ಹಾಕಿದಾಗ ಸವಾರನ ಕೈಗಳು ಹ್ಯಾಂಡಲನ್ನು 20 ಕಿಲೋಗ್ರಾಂ ತೂಕದಷ್ಟು ಬಲದಿಂದ ಮುಂದಕ್ಕೆ ಒತ್ತಿದವೆನ್ನೋಣ. ಒಂದು ಮೀಟರ್ ಉದ್ದದ ಕಂಬ ಸನ್ನೆಯಾಗಿ, ಕೀಲಿನಿಂದ 5 ಸೆಂಟಿಮೀಟರ್ ದೂರದಲ್ಲಿರುವ ಚಿಲಕದ ಮೇಲೆ ಆ ಬಲ ಇಪ್ಪತ್ತು ಪಟ್ಟಾಗಿ, 400 ಕಿಲೋಗ್ರಾಂ ತೂಕದಷ್ಟಾಗಿ ಎರಗುತ್ತದೆ. ಆದ್ದರಿಂದಲೇ ಒಳ್ಳೆಯ ಸ್ಕೂಟರುಗಳಲ್ಲಿ ಒಂದು ಚಿಲಕ ಜಾರಿದರೂ ಹಿಡಿಯಲು ಇನ್ನೊಂದು ತಡೆ ಇರುತ್ತದೆ. ಕೀಲಿನಲ್ಲಿ ಅಲುಗಾಟ ಕಂಡರೆ ಸವಾರಿ ನಿಲ್ಲಿಸುವುದೇ ಕ್ಷೇಮ.

ಬಾಗಲಕೋಟೆ ಜಿಲ್ಲೆಯ ಪಶ್ಚಿಮದ ಊರುಗಳು ಇಂಥ ವಾಹನಕ್ಕೆ ಅವಕಾಶವನ್ನೂ ಪರೀಕ್ಷೆಯನ್ನೂ ಒಟ್ಟಿಗೇ ಒಡ್ಡುತ್ತವೆ. ನೇಕಾರಿಕೆಯ ರಬಕವಿ, ಬನಹಟ್ಟಿ, ರಾಂಪುರ, ಹೊಸೂರುಗಳು ಒಂದೇ ನಗರಾಡಳಿತದಡಿ ಹೊಂದಿಕೊಂಡಿವೆ. ಜಮಖಂಡಿ, ಮುಧೋಳ, ಬೀಳಗಿಗಳ ನಡುವಿನ ಓಡಾಟವನ್ನು ಹೊತ್ತಿರುವುದು ಮುಖ್ಯವಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸುಗಳು ಮತ್ತು ಟಂಟಂ ಎಂದು ಕರೆಯುವ ಬಾಡಿಗೆ ಆಟೊಗಳು. 2023ರ ಜೂನ್ 11ರಿಂದ ರಾಜ್ಯ ಸರ್ಕಾರದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಊರಿಂದ ಊರಿಗೆ ಬಸ್ಸುಂಟು. ಬಸ್ ನಿಲ್ದಾಣದಿಂದ ಮಗ್ಗದ ಮನೆಗೋ ಕಾಲೇಜಿಗೋ ಆಸ್ಪತ್ರೆಗೋ ಇರುವ ಒಂದೆರಡು ಕಿಲೋಮೀಟರಿಗೆ ನಡಿಗೆ ಇಲ್ಲವೇ ಟಂಟಂ ಬಾಡಿಗೆ. ಮಡಚುವ ಸ್ಕೂಟರ್ ಹುಟ್ಟಿರುವುದೇ ಈ ಸಣ್ಣ ದೂರಕ್ಕಾಗಿ.

ಪರೀಕ್ಷೆ ಇರುವುದು ನೆಲದಲ್ಲಿ. ಇಲ್ಲಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅದರೊಂದಿಗೆ ಮೇಲಿನ ರಸ್ತೆಯೂ ಬಿರಿಯುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಭಾರಕ್ಕೆ ಬಿರುಕು ತಗ್ಗಾಗುತ್ತದೆ. ಎಂಟೂವರೆ ಅಂಗುಲ ವ್ಯಾಸದ ಗಾಲಿಗೆ 3 ಸೆಂಟಿಮೀಟರ್ ಎತ್ತರದ ಅಂಚು ಎದುರಾದರೆ, ಅದನ್ನು ನಿಧಾನವಾಗಿ ಏರಲು ಗಾಲಿಯ ಮೇಲಿನ ಭಾರಕ್ಕೆ ಹೆಚ್ಚುಕಡಿಮೆ ಸಮನಾದ ಬಲ ಬೇಕು. ಇಪ್ಪತ್ತಾರು ಅಂಗುಲದ ಸೈಕಲ್ ಗಾಲಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಸೈಕಲ್ ದಾಟುವ ತಗ್ಗಿನಲ್ಲಿ ಸ್ಕೂಟರ್ ಮುಗ್ಗರಿಸುವುದಕ್ಕೆ ಕಾರಣ ಇದೇ. ಏರಿನಲ್ಲೂ ಇಂಥದೇ ಕಷ್ಟ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಮೋಟಾರು ಒದಗಿಸಬೇಕಾದ ಬಲ ಸಮತಟ್ಟಿನಲ್ಲಿ ಬೇಕಾದುದರ ಸುಮಾರು ಮೂರು ಪಟ್ಟಾಗುತ್ತದೆ.

ಬಿಸಿಲು ಮತ್ತೊಂದು ಸಂಗತಿ. ಸಾಮಾನ್ಯ ಲಿಥಿಯಂ-ಅಯಾನು ಕೋಶಗಳನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಸದಾ ಕಾದ ಜಾಗದಲ್ಲಿಟ್ಟರೆ ಅವುಗಳ ಆಯುಷ್ಯ ಕುಗ್ಗುತ್ತದೆ. ತಗಡಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಚಾರ್ಜಿಗಿಡುವುದಕ್ಕಿಂತ, ಬ್ಯಾಟರಿ ತಣಿದ ಮೇಲೆ, ಗಾಳಿಯಾಡುವ ಜಾಗದಲ್ಲಿ, ಎಚ್ಚರವಿರುವ ಹೊತ್ತಿನಲ್ಲಿ ಇಡುವುದು ಲೇಸು.

ದೊಡ್ಡ ನಗರಗಳ ನುಣುಪು ರಸ್ತೆಗೆಂದು ಮಾಡಿದ ಮಾದರಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಸಾಲದು ಎಂಬುದು ಈ ಲೆಕ್ಕಗಳಿಂದ ಸ್ಪಷ್ಟ. ಈ ನೆಲಕ್ಕೆ ಬೇಕಿರುವುದು ಗಾಳಿ ತುಂಬಿದ ದೊಡ್ಡ ಗಾಲಿ, ಜೋಡಿ ತಡೆಯ ಕೀಲು, ಮತ್ತು ದೂರಕ್ಕಿಂತ ಹಗುರಕ್ಕೆ ಆದ್ಯತೆ ಕೊಡುವ ಬ್ಯಾಟರಿ. ಊರೂರ ನಡುವಿನ ದೂರವನ್ನು ಬಸ್ಸು ಹೇಗೂ ದಾಟಿಸುತ್ತದೆ. ಆದ್ದರಿಂದ ಐವತ್ತು ಕಿಲೋಮೀಟರ್ ಓಡುವ ಭಾರದ ಸ್ಕೂಟರಿಗಿಂತ, ಹತ್ತು ಕಿಲೋಮೀಟರ್ ಓಡಿದರೂ ಒಂದೇ ಕೈಯಲ್ಲಿ ಎತ್ತಿ ಬಸ್ಸಿನ ಮೆಟ್ಟಿಲೇರಿಸಬಹುದಾದ ಸ್ಕೂಟರ್ ಇಲ್ಲಿ ಹೆಚ್ಚು ದೂರ ಕ್ರಮಿಸುತ್ತದೆ. ಹಾಗೆ ತಂದದ್ದನ್ನು ಇಡಲು ಬಸ್ಸಿನಲ್ಲಿ ಒಂದು ಮೂಲೆ, ನಿಲ್ದಾಣದ ಹೊರಗೆ ತಗ್ಗಿಲ್ಲದ ಒಂದೆರಡು ಕಿಲೋಮೀಟರ್ ದಾರಿ ಕೂಡಿಬಂದಾಗ ಈ ಪುಟ್ಟ ಯಂತ್ರದ ಜಾಣ್ಮೆ ಪೂರ್ಣವಾಗುತ್ತದೆ.