ಭಾರಿ ಲಾರಿಗಳ ಟೈರು ತಪಾಸಣೆ

ಭಾರಿ ಲಾರಿಗಳ ಟೈರು ತಪಾಸಣೆ ಎಂಬುದು ಸರಕು ಸಾಗಣೆಯ ದೊಡ್ಡ ವಾಹನಗಳ ಟೈರುಗಳಲ್ಲಿನ ಗಾಳಿಯ ಒತ್ತಡ, ಸವೆತ, ಗಾಯಗಳು ಹಾಗೂ ಚಕ್ರದ ಜೋಡಣೆಯನ್ನು ನಿಯತವಾಗಿ ಪರೀಕ್ಷಿಸುವ ಸುರಕ್ಷತಾ ಕ್ರಮವಾಗಿದೆ. ಪ್ರಯಾಣಕ್ಕೆ ಮೊದಲು ಚಾಲಕನು ಲಾರಿಯ ಸುತ್ತ ನಡೆದು ಮಾಡುವ ಪರೀಕ್ಷೆ, ಗ್ಯಾರೇಜಿನಲ್ಲಿ ನಡೆಯುವ ಆವರ್ತಕ ಪರೀಕ್ಷೆ ಮತ್ತು ಸಾರಿಗೆ ಇಲಾಖೆಯ ಅರ್ಹತಾ ಪರೀಕ್ಷೆ ಎಂಬ ಮೂರು ಹಂತಗಳಲ್ಲಿ ಇದು ನಡೆಯುತ್ತದೆ. ಟೈರಿನ ಗಾಳಿ ದಿನದಿಂದ ದಿನಕ್ಕೆ ಬದಲಾಗುವುದರಿಂದ ಇವುಗಳಲ್ಲಿ ಮೊದಲನೆಯದು ಹೆಚ್ಚು ಮಹತ್ವ ಪಡೆದಿದೆ.

ಅಗತ್ಯ

ಲಾರಿಯ ಭಾರವನ್ನು ಮುಖ್ಯವಾಗಿ ಹೊರುವುದು ಟೈರಿನ ರಬ್ಬರಲ್ಲ, ಅದರೊಳಗೆ ಒತ್ತಿಟ್ಟ ಗಾಳಿ. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ ನೆಟ್ಟಗಾಗುತ್ತದೆ. ಈ ಬಾಗುವಿಕೆಯಿಂದ ಶಾಖ ಹುಟ್ಟುತ್ತದೆ. ಶಾಖ ಹೆಚ್ಚಿದಂತೆ ರಬ್ಬರಿಗೂ ಒಳಗಿನ ಉಕ್ಕಿನ ಅಥವಾ ನೈಲಾನ್ ಎಳೆಗಳಿಗೂ ಇರುವ ಬಂಧ ಸಡಿಲಗೊಂಡು, ಕೊನೆಗೆ ಟ್ರೆಡ್ ಕಿತ್ತುಬರುತ್ತದೆ ಅಥವಾ ಟೈರು ಸಿಡಿಯುತ್ತದೆ. ಅಧಿಕ ಭಾರ, ಅಧಿಕ ವೇಗ ಮತ್ತು ಬೇಸಿಗೆಯ ಕಾದ ರಸ್ತೆ ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಮುಂದಿನ ಅಚ್ಚಿನ ಟೈರು ಸಿಡಿದರೆ ಲಾರಿ ಒಂದು ಬದಿಗೆ ಎಳೆದುಕೊಂಡು, ಚಾಲಕನ ಹಿಡಿತ ತಪ್ಪುವ ಅಪಾಯವಿದೆ.

ಗಾಳಿಯ ಒತ್ತಡ

ಒತ್ತಡವನ್ನು ಟೈರು ತಣ್ಣಗಿರುವಾಗ, ಅಂದರೆ ವಾಹನ ನಿಂತು ಕನಿಷ್ಠ 3 ಗಂಟೆಗಳಾದ ಬಳಿಕ ಮಾಪಕದಿಂದ ಅಳೆಯಬೇಕು. ಇರಬೇಕಾದ ಒತ್ತಡವು ಟೈರಿನ ಅಳತೆ ಮತ್ತು ಹೊರುವ ಭಾರವನ್ನು ಅವಲಂಬಿಸಿದೆ. ಭಾರಿ ಲಾರಿಗಳಲ್ಲಿ ಅದು ಸಾಮಾನ್ಯವಾಗಿ 100 ಪಿಎಸ್‌ಐಗಿಂತ ಹೆಚ್ಚಿರುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಆಗ ಗಾಳಿ ಬಿಟ್ಟರೆ, ತಣಿದ ಮೇಲೆ ಟೈರಿನಲ್ಲಿ ಗಾಳಿ ಕೊರತೆಯಾಗುತ್ತದೆ.

ಟೈರನ್ನು ಕಬ್ಬಿಣದ ರಾಡಿನಿಂದ ಬಡಿದು ಸದ್ದು ಕೇಳುವ ರೂಢಿ ಚಾಲಕರು ಮತ್ತು ಕ್ಲೀನರ್‌ಗಳಲ್ಲಿದೆ. ಪೂರ್ತಿ ಗಾಳಿ ಹೋದ ಟೈರನ್ನು ಇದರಿಂದ ಗುರುತಿಸಬಹುದೇ ಹೊರತು, 20 ಅಥವಾ 30 ಪಿಎಸ್‌ಐ ಕೊರತೆಯನ್ನು ನಂಬಿಕೆಯಿಂದ ತಿಳಿಯಲಾಗದು. ವಾಲ್ವಿನ ಮುಚ್ಚಳ ಇದೆಯೇ, ವಾಲ್ವಿನಿಂದ ಗಾಳಿ ಸೋರುತ್ತಿದೆಯೇ ಎಂಬುದನ್ನೂ ಇದೇ ವೇಳೆ ನೋಡಲಾಗುತ್ತದೆ.

ಜೋಡಿ ಟೈರುಗಳು

ಹಿಂದಿನ ಅಚ್ಚುಗಳಲ್ಲಿ ಪ್ರತಿ ಬದಿಗೆ ಎರಡೆರಡು ಟೈರುಗಳಿರುತ್ತವೆ. ಭಾರತದಲ್ಲಿ 2018ರ ಪರಿಷ್ಕರಣೆಯ ಪ್ರಕಾರ ನಾಲ್ಕು ಟೈರುಗಳ ಒಂಟಿ ಅಚ್ಚಿಗೆ 11.5 ಟನ್ ಭಾರದ ಮಿತಿಯಿದೆ. ಭಾರ ಸಮವಾಗಿ ಹಂಚಿಕೆಯಾದರೆ ಪ್ರತಿ ಟೈರಿನ ಪಾಲು ಸುಮಾರು 2.9 ಟನ್. ಜೋಡಿಯಲ್ಲಿ ಒಂದರ ಗಾಳಿ ಪೂರ್ತಿ ಹೋದರೆ ಇನ್ನೊಂದರ ಮೇಲೆ ಸುಮಾರು 5.75 ಟನ್ ಬೀಳುತ್ತದೆ. ಹೊರಗಿನ ಟೈರು ಲಾರಿಯನ್ನು ಎತ್ತಿ ಹಿಡಿದಿರುವುದರಿಂದ ಒಳಗಿನದರ ದೋಷ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಒಳ ಟೈರಿನ ಒತ್ತಡವನ್ನು ಪ್ರತ್ಯೇಕವಾಗಿ ಅಳೆಯುವುದು ತಪಾಸಣೆಯ ಮುಖ್ಯ ಭಾಗವಾಗಿದೆ. ಜೋಡಿಯ ಎರಡೂ ಟೈರುಗಳ ವ್ಯಾಸ ಸಮನಾಗಿರಬೇಕು; ನಡುವೆ ಕಲ್ಲು ಸಿಕ್ಕಿಕೊಂಡಿರಬಾರದು.

ಟ್ರೆಡ್‌ನ ಆಳ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮವು ಟೈರುಗಳ ಸ್ಥಿತಿಯನ್ನು ಕುರಿತದ್ದಾಗಿದೆ. ಲಾರಿಗಳಿಗೆ ಅನ್ವಯಿಸುವ ಕನಿಷ್ಠ ಟ್ರೆಡ್ ಆಳ 1.6 ಮಿಲಿಮೀಟರ್. ಟ್ರೆಡ್‌ನ ತೋಡುಗಳ ತಳದಲ್ಲಿ ಸವೆತವನ್ನು ಸೂಚಿಸುವ ಉಬ್ಬುಗಳಿರುತ್ತವೆ. ಸವೆದ ಮೇಲ್ಮೈ ಈ ಉಬ್ಬಿನ ಮಟ್ಟಕ್ಕೆ ಬಂದಾಗ ಟೈರನ್ನು ಬದಲಿಸಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಲಾರಿಯ ಮುಂದಿನ ಟೈರುಗಳಿಗೆ ಇಂಚಿನ 32ರಲ್ಲಿ 4 ಭಾಗ, ಅಂದರೆ ಸುಮಾರು 3.2 ಮಿಲಿಮೀಟರ್ ಆಳವನ್ನು ವಿಧಿಸಲಾಗಿದೆ.

ಸವೆತದ ಲಕ್ಷಣಗಳು

ಸವೆತದ ರೀತಿಯಿಂದ ದೋಷದ ಮೂಲವನ್ನು ಊಹಿಸಬಹುದು.

- ಎರಡೂ ಅಂಚುಗಳಲ್ಲಿ ಸವೆತ: ಗಾಳಿ ಕಡಿಮೆ ಅಥವಾ ಭಾರ ಅಧಿಕ.
- ನಡುವೆ ಮಾತ್ರ ಸವೆತ: ಗಾಳಿ ಹೆಚ್ಚು.
- ಒಂದೇ ಅಂಚಿನಲ್ಲಿ ಸವೆತ: ಚಕ್ರಗಳ ಅಲೈನ್‌ಮೆಂಟ್ ದೋಷ.
- ಅಲ್ಲಲ್ಲಿ ಗುಳಿ ಬಿದ್ದಂತಹ ಸವೆತ: ಸಸ್ಪೆನ್ಷನ್ ಅಥವಾ ಬ್ಯಾಲೆನ್ಸಿಂಗ್ ದೋಷ.
- ಒಂದೇ ಜಾಗದಲ್ಲಿ ಚಪ್ಪಟೆ ಸವೆತ: ಬ್ರೇಕ್ ಹಿಡಿದು ಚಕ್ರ ಉಜ್ಜಿಕೊಂಡು ಹೋಗಿರುವುದು.

ಗಾಯಗಳು ಮತ್ತು ವಯಸ್ಸು

ಒಳಗಿನ ಎಳೆ ಕಾಣುವಷ್ಟು ಆಳವಾದ ಸೀಳು, ಪಕ್ಕದ ಗೋಡೆಯ ಉಬ್ಬು ಅಥವಾ ಕಿತ್ತುಬರುತ್ತಿರುವ ಟ್ರೆಡ್ ಕಂಡರೆ ಆ ಟೈರಿನ ಮೇಲೆ ಪ್ರಯಾಣ ಮುಂದುವರಿಸುವಂತಿಲ್ಲ. ಉಬ್ಬು ಒಳಗಿನ ಎಳೆಗಳು ತುಂಡಾಗಿರುವುದರ ಅಥವಾ ಪದರಗಳು ಬೇರ್ಪಟ್ಟಿರುವುದರ ಕುರುಹು. ರೀಸೋಲ್ ಅಥವಾ ರೀಟ್ರೆಡ್ ಮಾಡಿಸಿದ ಟೈರುಗಳಲ್ಲಿ ಹಳೆಯ ಕವಚಕ್ಕೂ ಹೊಸ ಟ್ರೆಡ್‌ಗೂ ಇರುವ ಕೂಡುಗೆರೆಯನ್ನು ವಿಶೇಷವಾಗಿ ಗಮನಿಸಲಾಗುತ್ತದೆ.

ತಯಾರಿಕೆಯ ಕಾಲವನ್ನು ಟೈರಿನ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳು ಸೂಚಿಸುತ್ತವೆ: 2319 ಎಂದರೆ 2019ರ 23ನೇ ವಾರ. ಟ್ರೆಡ್ ಉಳಿದಿದ್ದರೂ ಕಾಲಕ್ರಮೇಣ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಬ್ರಿಟನ್ನಿನಲ್ಲಿ 2021ರ ಫೆಬ್ರುವರಿಯಿಂದ 10 ವರ್ಷ ಮೀರಿದ ಟೈರುಗಳನ್ನು ಲಾರಿ ಮತ್ತು ಬಸ್ಸುಗಳ ಮುಂದಿನ ಅಚ್ಚಿನಲ್ಲಿ ಬಳಸುವುದನ್ನು ನಿಷೇಧಿಸಲಾಗಿದೆ.

ಚಕ್ರ, ನಟ್ಟು ಮತ್ತು ಬ್ರೇಕ್

ನಟ್ಟಿನ ಬುಡದಿಂದ ಹೊರಟ ತುಕ್ಕಿನ ಗೆರೆ ಸಡಿಲಿಕೆಯ ಸೂಚನೆಯಾಗಿರಬಹುದು. ಚಕ್ರ ಬದಲಿಸಿದ ನಂತರ ಸ್ವಲ್ಪ ದೂರ ಓಡಿಸಿ ನಟ್ಟುಗಳನ್ನು ಪುನಃ ಬಿಗಿಗೊಳಿಸಬೇಕು. ಶಿರಾಡಿಯಂತಹ ಘಟ್ಟಗಳ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಹಿಡಿದಾಗ ಡ್ರಮ್ಮಿನ ಶಾಖ ಚಕ್ರದ ಮೂಲಕ ಟೈರಿಗೂ ತಲುಪುತ್ತದೆ. ಇಳಿಜಾರು ಮುಗಿದ ಬಳಿಕ ಸುಟ್ಟ ವಾಸನೆ ಅಥವಾ ಹೊಗೆ ಕಂಡುಬಂದರೆ ಹತ್ತಿರ ಹೋಗದೆ ದೂರ ನಿಲ್ಲಬೇಕು.

ಮತ್ತೆ ಗಾಳಿ ತುಂಬುವಾಗಿನ ಅಪಾಯ

ಇರಬೇಕಾದ ಒತ್ತಡದ ಶೇ. 80ಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು ಗಾಳಿಯಿಲ್ಲದೆ ಓಡಿದ ಟೈರೆಂದೇ ಪರಿಗಣಿಸಲಾಗುತ್ತದೆ. ಅಂತಹ ರೇಡಿಯಲ್ ಟೈರಿನ ಪಕ್ಕದ ಗೋಡೆಯಲ್ಲಿ ಉಕ್ಕಿನ ಎಳೆಗಳು ಬಾಗಿ ಬಾಗಿ ದುರ್ಬಲಗೊಂಡಿರುತ್ತವೆ. ಹೊರಗೆ ಯಾವ ಗುರುತೂ ಇಲ್ಲದಿದ್ದರೂ ಮತ್ತೆ ಗಾಳಿ ತುಂಬುವಾಗ ಎಳೆಗಳು ಒಂದರ ಹಿಂದೆ ಒಂದು ಕಡಿದು, ಗೋಡೆ ಜಿಪ್ ಬಿಚ್ಚಿದಂತೆ ಸೀಳಿಕೊಳ್ಳಬಹುದು. ಈ ಸ್ಫೋಟ ಹತ್ತಿರದಲ್ಲಿರುವವರ ಪ್ರಾಣಕ್ಕೆ ಅಪಾಯಕಾರಿ. ಹೀಗಾಗಿ ಟೈರನ್ನು ಡಿಸ್ಕಿನಿಂದ ಬಿಚ್ಚಿ, ಒಳಭಾಗವನ್ನು ಪರೀಕ್ಷಿಸಿದ ನಂತರವೇ, ಕಬ್ಬಿಣದ ರಕ್ಷಣಾ ಪಂಜರದೊಳಗಿಟ್ಟು ಗಾಳಿ ತುಂಬಬೇಕು. ತುಂಬುವವನು ಉದ್ದನೆಯ ಕೊಳವೆ ಬಳಸಿ, ಪಕ್ಕದ ಗೋಡೆಯ ಎದುರಿನಿಂದ ಸರಿದು ನಿಲ್ಲಬೇಕು.

ಅರ್ಹತಾ ಪರೀಕ್ಷೆ

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಸಾರಿಗೆ ವಾಹನಗಳಿಗೆ ಅರ್ಹತಾ ಪ್ರಮಾಣಪತ್ರ ಕಡ್ಡಾಯವಾಗಿದೆ. ಇದು ಪರೀಕ್ಷೆಯ ದಿನದ ಸ್ಥಿತಿಯನ್ನಷ್ಟೇ ದೃಢೀಕರಿಸುತ್ತದೆ. ಪ್ರಮಾಣಪತ್ರದ ಅವಧಿಯುದ್ದಕ್ಕೂ ಟೈರುಗಳನ್ನು ಸುಸ್ಥಿತಿಯಲ್ಲಿಡಲು ದಿನನಿತ್ಯದ ತಪಾಸಣೆಯೇ ಆಧಾರವಾಗಿದೆ.